ಸ್ಪೆಲ್ ಚೆಕ್ ಮಹಾಶಯರ ಸನ್ನಿಧಾನಕ್ಕೆ

ರಾಜಮಾನ್ಯ ರಾಜಶ್ರೀ ಸ್ಪೆಲ್ ಚೆಕ್ ಮಹಾಶಯರಿಗೆ,

ಡಿಟಿಪಿ ಅಂಗಡಿಯ ಬಡ ಆಪರೇಟರ್ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇತ್ತ ನಾವು ಕ್ಷೇಮ. ತಾವೂ ಡಿಸೈನ್ ಸಾಫ್ಟ್‌ವೇರಿನ ಎಡಿಟ್ ಮೆನುವಿನೊಳಗೆ ಸುಖವಾಗಿ ಪವಡಿಸಿದ್ದೀರೆಂದು ನಂಬಿದ್ದೇನೆ. ಲಗ್ನಪತ್ರಿಕೆ, ಫ್ಲೆಕ್ಸು, ಕರಪತ್ರಗಳ ಗಲಾಟೆಯಲ್ಲಿ ತಮಗೊಂದು ಪತ್ರ ಬರೆಯಲು ಬಿಡುವಾಗಿರಲಿಲ್ಲ. ಆಷಾಢ ಬಂತು, ಮದುವೆಗಳಿಲ್ಲ, ಬರೆಯುತ್ತಿದ್ದೇನೆ.

ಮೊದಲಿಗೆ ತಮ್ಮ ಬಹುಭಾಷಾ ಪಾಂಡಿತ್ಯಕ್ಕೆ ವಂದನೆ. ನುಡಿಯಂಥ ಹಳೆಯ ಫಾಂಟಿನಲ್ಲಿ ನಾನು ‘ಕನ್ನಡ’ ಎಂದು ಟೈಪಿಸುತ್ತೇನೆ. ಪರದೆಯ ಮೇಲೆ ನನಗೆ ಕಾಣುವುದೂ ಕನ್ನಡವೇ. ತಮ್ಮ ದಿವ್ಯದೃಷ್ಟಿಗೆ ಬೀಳುವುದು ಮಾತ್ರ ಬೇರೆ: ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಪುನಃ ಅದೇ ಎ, ಜರ್ಮನ್ನರ ಜೋಡಿ ಎಸ್, ಚಿಕ್ಕ ಕ್ಯೂ, ಕೊನೆಗೆ ಇನ್ನೊಂದು ಎ. ಪರಭಾಷೆಯ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿ ಕೆಲಸ ಸಾಗಿಸಿದ ಕಾಲದ ಉಪಾಯ ಅದು. ಮೂರಕ್ಷರದ ಪದದೊಳಗೆ ಅರ್ಧ ಯುರೋಪನ್ನು ಕಂಡ ತಾವು ಪುಟವಿಡೀ ಕೆಂಪು ಗೆರೆ ಎಳೆಯುತ್ತೀರಿ. ಕುಲದೇವರ ಹೆಸರಿಗೂ ಗೆರೆ, ಮುಹೂರ್ತಕ್ಕೂ ಗೆರೆ, ಮದುಮಗಳ ಅಜ್ಜಿಯ ಹೆಸರಿಗೂ ಗೆರೆ. ದೇವರು ದಿಂಡಿರೆನ್ನದ ತಮ್ಮ ಸಮದೃಷ್ಟಿ ದೊಡ್ಡದು.

ಈ ಕೆಂಪು ಪ್ರಸಾದದಿಂದ ಪಾರಾಗಲು ಒಂದು ದಾರಿಯನ್ನೂ ತಾವೇ ಕರುಣಿಸಿದ್ದೀರಿ. ಭಾಷೆಗಳ ಪಟ್ಟಿ ತೆರೆದು, ಕನ್ನಡದ ಸಾಲುಗಳನ್ನೆಲ್ಲ ಆರಿಸಿ, ‘ನೋ ಲ್ಯಾಂಗ್ವೇಜ್’ ಎಂದು ನಮೂದಿಸಬೇಕು. ಅಂದರೆ, ಇದು ಯಾವ ಭಾಷೆಯೂ ಅಲ್ಲ ಎಂದು ಕನ್ನಡಿಗನೇ ಬರೆದುಕೊಡಬೇಕು. ಕೊಟ್ಟ ಮರುಕ್ಷಣ ಗೆರೆಗಳೆಲ್ಲ ಮಾಯ. ಆಮೇಲೆ ತಮ್ಮನ್ನು ಕರೆದರೆ, ಒಂದಕ್ಷರವನ್ನೂ ಓದದೆ ‘ಪರೀಕ್ಷೆ ಮುಗಿಯಿತು’ ಎಂದು ಪೆಟ್ಟಿಗೆ ತೋರಿಸುತ್ತೀರಿ. ಉತ್ತರಪತ್ರಿಕೆ ತೆರೆಯದೆಯೇ ಪಾಸು ಮಾಡುವ ಇಂಥ ಉದಾರಿಗಳು ನಮ್ಮ ವಿಶ್ವವಿದ್ಯಾಲಯಗಳಲ್ಲೂ ಅಪರೂಪ.

ಹಳೆಯ ಫಾಂಟು ಬಿಡಬಾರದೇನಯ್ಯ ಎಂದು ತಾವು ಕೇಳಬಹುದು. ಯುನಿಕೋಡ್ 1991ರಲ್ಲಿ, ತನ್ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿದ್ದು ನಿಜ. ಆದರೆ ಯುನಿಕೋಡಿನ ಗಂಧವಿಲ್ಲದ ಪೇಜ್‌ಮೇಕರ್ 7.0, ಅಂದರೆ 2001ರ ಆ ಕೊನೆಯ ಆವೃತ್ತಿ, ನಮ್ಮ ಎಷ್ಟೋ ಅಂಗಡಿಗಳಿಗೆ ಇನ್ನೂ ಅನ್ನ ಹಾಕುತ್ತಿದೆ. ಅದನ್ನು ಬಿಟ್ಟು ಹೊಸದಕ್ಕೆ ಹೋದವರನ್ನಾದರೂ ತಾವು ಬಿಟ್ಟಿರೇ? ಕನ್ನಡದ ನಿಘಂಟು ಇದ್ದ ಕಡೆ ‘ಮನೆ’ ಸರಿ, ‘ಮನೆಗೆ’ ಸರಿ, ‘ಬಂಧುಬಾಂಧವರೊಡಗೂಡಿ’ ತಪ್ಪು. ‘ಆಶೀರ್ವದಿಸಬೇಕಾಗಿ’ ಅದಕ್ಕಿಂತ ದೊಡ್ಡ ತಪ್ಪು. ಆ ಪದವಿಲ್ಲದೆ ಈ ನಾಡಿನಲ್ಲಿ ಮದುವೆಯೇ ಆಗುವುದಿಲ್ಲ ಸ್ವಾಮಿ. ಹಲವು ಸಾಫ್ಟ್‌ವೇರುಗಳಲ್ಲಿ ತಮ್ಮ ಬೆನ್ನೆಲುಬಾಗಿರುವ ಹನ್‌ಸ್ಪೆಲ್ ಹುಟ್ಟಿದ್ದೇ ಹಂಗೇರಿಯನ್ ಭಾಷೆಗಾಗಿ. ಅದೂ ನಮ್ಮ ಹಾಗೆಯೇ ಪ್ರತ್ಯಯದ ಬಾಲಕ್ಕೆ ಪ್ರತ್ಯಯ ಕಟ್ಟುವ ಭಾಷೆ. ಆದ್ದರಿಂದ ಬಾಲ ನೋಡಿ ಬೆಚ್ಚುವ ಹುಟ್ಟುಗುಣ ತಮ್ಮದಲ್ಲ. ನಮ್ಮ ಪಾಲಿಗೆ ಮಾತ್ರ ಅದನ್ನು ರೂಢಿಸಿಕೊಂಡಿದ್ದೀರಿ.

ಮಾತಾಡಬೇಕಾದಲ್ಲಿ ತಾವು ಪಾಲಿಸುವ ಮೌನವನ್ನೂ ಕೊಂಡಾಡಲೇಬೇಕು. ಗಿರಾಕಿಗಳು ವಾಟ್ಸ್‌ಆ್ಯಪಿನಲ್ಲಿ ಕಳಿಸುವ ಮ್ಯಾಟರ್ ‘ಗ್ರಹ ಪ್ರವೇಶ’ ಎಂದೇ ಬರುತ್ತದೆ. ಗ್ರಹ ನಿಘಂಟಿನಲ್ಲಿದೆ, ಪ್ರವೇಶವೂ ಇದೆ, ತಾವು ತೆಪ್ಪಗಿರುತ್ತೀರಿ. ಹೊಸ ಮನೆಗೆ ಶನಿ ಪ್ರವೇಶಿಸುತ್ತಾನೋ ಯಜಮಾನರು ಪ್ರವೇಶಿಸುತ್ತಾರೋ ತಮಗೇನಾಗಬೇಕು? ‘ಬಂದು ಮಿತ್ರರು’ ಎಂದಿದ್ದರೂ ಅಷ್ಟೆ. ಬಂದು ಎಂಬುದು ಸರಿಯಾದ ಪದ, ಮಿತ್ರರೂ ಸರಿಯಾದವರು.

ಇಂಗ್ಲಿಷ್ ಕಾರ್ಡಿಗಾದರೂ ತಾವು ಒದಗುತ್ತೀರೆಂದುಕೊಂಡಿದ್ದೆ. ಗೌಡರ ಹೆಸರಿಗೆ ಡಚ್ಚರ ಚೀಸಿನ ಹೆಸರು ಸೂಚಿಸಿದಿರಿ. ಶೆಟ್ಟರಿಗೆ ಸೂಚಿಸಿದ್ದನ್ನು ಮರ್ಯಾದಸ್ಥರು ಓದುವ ಪತ್ರದಲ್ಲಿ ಬರೆಯುವ ಹಾಗಿಲ್ಲ.

ಇನ್ನು ತಮ್ಮ ವೈರಾಗ್ಯ. ಪ್ರೆಸ್ಸಿನವರ ಬಳಿ ನಮ್ಮ ಫಾಂಟು ಇರುವುದಿಲ್ಲವಾಗಿ ‘ಕರ್ವ್ಸ್ ಮಾಡಿ ಕಳ್ಸಿ’ ಎನ್ನುತ್ತಾರೆ. ಮಾಡಿದೊಡನೆ ಅಕ್ಷರಗಳೆಲ್ಲ ಬರೀ ಗೆರೆಗಳ ಚಿತ್ರವಾಗುತ್ತವೆ. ಅಲ್ಲಿಂದ ಮುಂದೆ ತಮಗೂ ಅವಕ್ಕೂ ಋಣಾನುಬಂಧವಿಲ್ಲ. ಊರ ಸರ್ಕಲ್ಲಿನಲ್ಲಿ ‘ಆರ್ಶೀವಾದ’, ‘ಉದ್ಗಾಟನೆ’, ‘ಭಾವಪೂರ್ಣ ಶ್ರದ್ದಾಂಜಲಿ’ ಹತ್ತಡಿ ಅಗಲ ಹರಡಿಕೊಂಡಾಗ ಜನ ಬಯ್ಯುವುದು ಡಿಟಿಪಿಯವನನ್ನು. ತಮ್ಮ ಹೆಸರು ಯಾರ ಬಾಯಲ್ಲೂ ಬಂದದ್ದಿಲ್ಲ.

ತಮಗಿಂತ ಮೊದಲು ಈ ಕೆಲಸಕ್ಕೆ ಕರಡು ತಿದ್ದುವವರಿದ್ದರು. ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದುವರು, ಇನ್ನೊಬ್ಬರು ಪ್ರೂಫಿನ ಅಂಚಿನಲ್ಲಿ ಗುರುತು ಹಾಕುವರು. ಗ್ರಹಕ್ಕೂ ಗೃಹಕ್ಕೂ ವ್ಯತ್ಯಾಸ ಬಲ್ಲ ಜನ. ಆದರೆ ಅವರು ಸಂಬಳ ಕೇಳುತ್ತಿದ್ದರು, ಎರಡು ಹೊತ್ತು ಟೀ ಕುಡಿಯುತ್ತಿದ್ದರು. ತಾವು ಪುಕ್ಕಟೆ ಬರುತ್ತೀರೆಂದು ತಿಳಿದ ಮಾಲೀಕರು ಅವರನ್ನು ಮನೆಗೆ ಕಳಿಸಿದರು. ಇದರಲ್ಲಿ ತಮ್ಮ ತಪ್ಪೇನೂ ಇಲ್ಲ. ಪುಕ್ಕಟೆ ಸಿಕ್ಕವರನ್ನು ಪಂಡಿತರೆಂದು ನಂಬಿದ ನಮ್ಮವರದ್ದೇ.

ಕನ್ನಡ ಕಲಿಯಿರಿ ಎಂದು ಒತ್ತಾಯಿಸುವಷ್ಟು ಉದ್ಧಟ ನಾನಲ್ಲ. ಒಂದೇ ಬಿನ್ನಹ. ಓದಲು ಬಾರದ ಪುಟ ಎದುರಾದಾಗ ‘ಪರೀಕ್ಷೆ ಮುಗಿಯಿತು’ ಎನ್ನಬೇಡಿ. ‘ಇದನ್ನು ನಾನು ಓದಿಲ್ಲ’ ಎಂದು ಪೆಟ್ಟಿಗೆ ತೋರಿಸಿ. ತೀರಾ ಚಿಕ್ಕ ಅಕ್ಷರದಲ್ಲಾದರೂ ಆದೀತು, ಇಂಗ್ಲಿಷಿನಲ್ಲಾದರೂ ಆದೀತು.

ಇಂತಿ ತಮ್ಮ ಪಾದಸೇವಕ,
ಒಬ್ಬ ಡಿಟಿಪಿ ಆಪರೇಟರ್

ತಾ.ಕ.: ಗಿರಾಕಿ ಮಹನೀಯರಲ್ಲಿ ವಿನಂತಿ. ಪ್ರೂಫನ್ನು ಮೊಬೈಲಿನಲ್ಲಿ ನೋಡಿ ಹೆಬ್ಬೆರಳು ಒತ್ತಿ ಕಳಿಸಬೇಡಿ. ಅಂಗಡಿಗೆ ಬಂದು, ಮನೆಯ ಹಿರಿಯರೊಬ್ಬರಿಂದ ಗಟ್ಟಿಯಾಗಿ ಓದಿಸಿ, ಸಹಿ ಹಾಕಿ. ಪ್ಲೇಟ್ ಆದ ಮೇಲೆ ತಿದ್ದಿಸಿದರೆ ಖರ್ಚು ತಮ್ಮದೇ.