ಗುಂಡ್ಲುಪೇಟೆಯಲ್ಲಿ ಅಲೆ ಹೇಗಿದೆ ಮಾವ?

‘ನನ್ನ ಮಗ ಮಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ’ ಎಂದು ಅಕ್ಕ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾಳೆ. ನನಗೆ ತಿಳಿದ ಮಟ್ಟಿಗೆ ಅವನಿರುವುದು ಮೂಲ್ಕಿಯ ಸಮುದ್ರದಲ್ಲಿ. ಶನಿವಾರ ಬಂತೆಂದರೆ ಬಗಲಲ್ಲಿ ಸರ್ಫಿಂಗ್ ಹಲಗೆ ಇಟ್ಟುಕೊಂಡು ಹೊರಡುತ್ತಾನೆ. ಹೊರಡುವ ಮುಂಚೆ ಮೊಬೈಲಿನಲ್ಲಿ ಅಲೆಯ ಭವಿಷ್ಯ ನೋಡಿ, ನನಗೂ ಒಂದು ಪ್ರತಿ ಕಳಿಸುತ್ತಾನೆ. ‘ಸ್ವೆಲ್ ಒಂದೂವರೆ ಮೀಟರ್, ಅಲೆಯಿಂದ ಅಲೆಗೆ ಹದಿನಾಲ್ಕು ಸೆಕೆಂಡ್, ಬೆಳಗ್ಗೆ ಗಾಳಿ ನೆಲದ ಕಡೆಯಿಂದ, ಒಟ್ಟು ದರ್ಜೆ: ಪರವಾಗಿಲ್ಲದಿಂದ ಚೆನ್ನಾಗಿದೆವರೆಗೆ.’ ಕೆಳಗೆ ಒಂದು ಕಿಚಾಯಿಸುವ ಸಾಲು: ‘ಗುಂಡ್ಲುಪೇಟೆಯಲ್ಲಿ ಅಲೆ ಹೇಗಿದೆ ಮಾವ?’

ಸಮುದ್ರ ಇಲ್ಲದ ಊರಿನವನನ್ನು ಅಲೆ ಕೇಳುವುದು ಅಳಿಯಂದಿರಿಗೆ ತಮಾಷೆ. ಇರಲಿ. ಆದರೆ ಆ ‘ಪರವಾಗಿಲ್ಲದಿಂದ ಚೆನ್ನಾಗಿದೆವರೆಗೆ’ ಅನ್ನುವ ಮಾತು ನನಗೆ ತುಂಬ ಹಿಡಿಸಿತು. ಹೆಣ್ಣು ನೋಡಿ ಬಂದ ಗಂಡಿನ ಕಡೆಯವರು ಹೀಗೇ ಹೇಳುವುದು. ನಾಳೆ ಸಂಬಂಧ ಕೂಡಿದರೂ ಮಾತು ಸರಿ, ಮುರಿದರೂ ಸರಿ.

ವಿಷಯ ಏನೆಂದು ಒಂದು ದಿನ ಕೂರಿಸಿಕೊಂಡು ಕೇಳಿದೆ. ಅವನು ಸವಾರಿ ಮಾಡುವ ಅಲೆ ಮೂಲ್ಕಿಯಲ್ಲಿ ಹುಟ್ಟುವುದಲ್ಲವಂತೆ. ಎಲ್ಲೋ ಕೆಳಗೆ, ಅಂಟಾರ್ಕ್ಟಿಕದ ದಿಕ್ಕಿನ ಸಮುದ್ರದಲ್ಲಿ ಬಿರುಗಾಳಿ ಎದ್ದು, ಅಲ್ಲಿ ಎದ್ದ ನೀರಿನ ಉಬ್ಬು, ಅವನ ಭಾಷೆಯಲ್ಲಿ ಸ್ವೆಲ್, ದಿನಗಟ್ಟಲೆ, ಸಾವಿರಾರು ಕಿಲೋಮೀಟರ್ ಸಾಗಿ ನಮ್ಮ ಕರಾವಳಿಗೆ ಬಂದು ಮುಟ್ಟುವುದು. ಹೊರಟದ್ದು ಉಪಗ್ರಹಕ್ಕೆ ಗೊತ್ತು, ಎಂದು ಮುಟ್ಟುತ್ತದೆ ಎನ್ನುವುದೂ ಹೆಚ್ಚುಕಮ್ಮಿ ಗೊತ್ತು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯವರು ಮೀನುಗಾರರಿಗೆ ಮುಂಚೆಯೇ ತಿಳಿಸುತ್ತಾರೆ. ತಕರಾರು ಶುರುವಾಗುವುದು ಅಲೆ ದಡದ ಹತ್ತಿರ ಬಂದ ಮೇಲೆ. ಸಸಿಹಿತ್ಲು ಅಳಿವೆಯನ್ನೇ ನೋಡಿ. 2016ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಪಂದ್ಯ ನಡೆದ ಜಾಗ ಅದು. ಶಾಂಭವಿ, ನಂದಿನಿ ಎರಡೂ ನದಿ ಅಲ್ಲಿ ಸಮುದ್ರ ಸೇರುತ್ತವೆ. ಪ್ರತಿ ಮಳೆಗಾಲಕ್ಕೂ ಅಡಿಯ ಮರಳು ಜಾಗ ಬದಲಿಸುತ್ತದೆ. ಹೋದ ವರ್ಷ ಅಲೆ ಮುರಿದ ಕಡೆ ಈ ವರ್ಷ ಮುರಿಯುತ್ತದೆ ಎಂದು ಯಾರೂ ಬಾಂಡ್ ಬರೆದುಕೊಡುವುದಿಲ್ಲ.

ಇನ್ನೊಂದು ಬಗೆಯಲ್ಲಿ ಚಂಚಲವಾದ ಜಾತಿಯೂ ಇದೆ ಮಾವ, ಪಾಯಿಂಟ್ ಬ್ರೇಕ್ ಅಂತ, ಎಂದ. ನೆಲವೋ ಬಂಡೆಯೋ ಸಮುದ್ರದೊಳಕ್ಕೆ ಮೂಗು ಚಾಚಿರುತ್ತದೆ. ಅಲೆ ಬಂದು ಆ ಮೂಗನ್ನು ಸುತ್ತಿ ಬಳಸಿ, ಉದ್ದಕ್ಕೂ ಮುರಿಯುತ್ತ ಹೋಗುತ್ತದೆ. ಬಂದರೆ ಅಂಥ ಸವಾರಿ ಬೇರೆಲ್ಲೂ ಇಲ್ಲ. ಆದರೆ ದಿಕ್ಕು ಸ್ವಲ್ಪ ಓರೆಯಾದರೂ ಸಾಕು, ಅಷ್ಟು ದೂರದಿಂದ ಬಂದ ಅಲೆ ಇತ್ತ ತಿರುಗಿಯೂ ನೋಡದೆ ಮುಂದಿನ ಊರಿಗೆ ಹೋಗಿಬಿಡುತ್ತದೆ. ಹಲಗೆ ಹಿಡಿದವರು ವಾರಗಟ್ಟಲೆ ದಡದಲ್ಲಿ ಕೂತು ತಲೆ ಕೆರೆದುಕೊಳ್ಳಬೇಕು.

‘ಲೋ, ನೀನು ಇಷ್ಟೊತ್ತು ಹೇಳಿದ್ದು ಗುಂಡ್ಲುಪೇಟೆ ಮಳೆ ವಿಷಯ ಕಣೋ’ ಎಂದೆ.

ತಮಾಷೆಯಲ್ಲ. ನಮ್ಮ ಮಳೆ ಹೊರಡುವುದೂ ಸಮುದ್ರದಿಂದಲೇ. ಅರಬ್ಬಿ ಸಮುದ್ರದ ಮೋಡ ಕೋಳಿಕ್ಕೋಡ್ ಕಡೆಯಿಂದ ತಾಮರಶ್ಶೇರಿ ಘಾಟಿ ಹತ್ತಿ, ಲಕ್ಕಿಡಿಯಲ್ಲಿ ಉಸಿರು ಬಿಡುತ್ತಲೇ ಹೊತ್ತು ತಂದ ಗಂಟನ್ನೆಲ್ಲ ಸುರಿದುಬಿಡುತ್ತದೆ. ಕಲ್ಪೆಟ್ಟದಲ್ಲಿ ಇನ್ನಷ್ಟು, ಸುಲ್ತಾನ್ ಬತ್ತೇರಿಯಲ್ಲಿ ಮತ್ತಷ್ಟು. ಮುತ್ತಂಗ ದಾಟಿ ಮೂಲೆಹೊಳೆ ಚೆಕ್‌ಪೋಸ್ಟಿಗೆ ಬರುವಾಗ ಜೇಬೆಲ್ಲ ಖಾಲಿ. ಬಂಡೀಪುರದ ರಸ್ತೆಯಲ್ಲಿ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ವಾಹನ ಬಿಡುವುದಿಲ್ಲ, 2009ರಿಂದ ಈ ಕಟ್ಟು. ಮೋಡಕ್ಕೂ ಇದೇ ಕಾನೂನು ಹಾಕಿದ್ದಾರೆ ಎನ್ನುವುದು ನಮ್ಮ ಹೋಟೆಲ್ ಕಟ್ಟೆಯವರ ಬಲವಾದ ನಂಬಿಕೆ. ದಕ್ಷಿಣದಿಂದ ಬರೋಣ ಎಂದರೆ ನೀಲಗಿರಿ ಅಡ್ಡ ನಿಂತಿದೆ. ಊಟಿಯವರು ಸ್ವೆಟರ್ ಮೇಲೆ ಕೊಡೆ ಹಿಡಿದು ನಡೆಯುವ ಜುಲೈಯಲ್ಲಿ ನಮಗೆ ಸಿಗುವುದು ಬರೀ ಗಾಳಿ. ಅದೂ ಎಂಥ ಗಾಳಿ! ಒಣಹಾಕಿದ ಪಂಚೆ ಪಕ್ಕದ ಬೀದಿಯವರ ಸ್ವತ್ತಾಗುತ್ತದೆ.

ಈ ಅಲೆ ಮುರಿಯುವ ಮೂಗು ಯಾವುದು ಎಂದು ನೋಡಬೇಕಿದ್ದರೆ ಹಂಗಳದ ಮೇಲೆ ಹಾದು ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿ. 1454 ಮೀಟರ್ ಎತ್ತರ. ಸ್ವಂತ ಕಾರು ತಪ್ಪಲಿನಲ್ಲೇ ಬಿಟ್ಟು ಬಸ್ಸಿನಲ್ಲಿ ಹತ್ತಬೇಕು. ದೇವಸ್ಥಾನದ ಪಡಸಾಲೆಯಲ್ಲಿ ನಿಂತರೆ ವಯನಾಡಿನ ಕಡೆಯಿಂದ ಬಿಳಿ ಮೋಡ ಮಡಿಕೆ ಮಡಿಕೆಯಾಗಿ ಹುಲ್ಲುಗಾವಲನ್ನು ಏರಿ ಬರುತ್ತದೆ. ಗೋಪುರವನ್ನು ಮುಚ್ಚುತ್ತದೆ, ಎದುರಿನವನ ಮುಖ ಮುಚ್ಚುತ್ತದೆ, ಅರ್ಚಕರ ದೀಪದ ಸುತ್ತ ಒಂದು ಬಳೆ ಕಟ್ಟುತ್ತದೆ. ಹೆಂಗಸರ ತಲೆಗೂದಲ ತುದಿಯಲ್ಲಿ ಸೂಜಿ ಮೊನೆಯಷ್ಟು ಹನಿ. ಆಯಿತು, ಇವತ್ತು ಕೆಳಗೆ ಊರಿಗೆ ಊರೇ ತೊಳೆದುಹೋಗುತ್ತದೆ ಎಂದುಕೊಂಡು ಇಳಿದರೆ, ಹಂಗಳದಲ್ಲಿ ಒಬ್ಬ ಹುರುಳಿ ಒಣಗಿಸುತ್ತಿರುತ್ತಾನೆ.

ಹವಾಮಾನ ಇಲಾಖೆಯವರನ್ನು ಬೈಯುವುದು ನಮ್ಮ ಕಡೆ ಒಂದು ಹೊತ್ತು ಕಳೆಯುವ ಕಸುಬು. ನಾನು ಬೈಯುವುದಿಲ್ಲ. ಅವರ ಕಷ್ಟ ಅವರಿಗೆ. ಅವರ ಲೆಕ್ಕದಲ್ಲಿ ನಾವು ‘ದಕ್ಷಿಣ ಒಳನಾಡು’. ಈ ಒಳನಾಡಿನಲ್ಲಿ ಯಾರು ಯಾರಿದ್ದಾರೆ ನೋಡಿ: ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಹೊಡೆಸಿಕೊಳ್ಳುವ ಆಗುಂಬೆ ಇದೆ, ಕೊಡಗಿನ ಭಾಗಮಂಡಲ ಇದೆ, ಅದೇ ಪಂಕ್ತಿಯ ಕಟ್ಟಕಡೆಯ ಎಲೆಯಲ್ಲಿ ಏಳೆಂಟು ನೂರು ಮಿಲಿಮೀಟರ್ ಬಡಿಸಿಕೊಳ್ಳುವ ಚಾಮರಾಜನಗರ ಜಿಲ್ಲೆಯೂ ಇದೆ. ‘ದಕ್ಷಿಣ ಒಳನಾಡಿನಲ್ಲಿ ವಾಡಿಕೆ ಮಳೆ’ ಎಂದು ಟಿವಿಯಲ್ಲಿ ಹೇಳಿದ ದಿನ ಆಗುಂಬೆಯವನು ಕಿಟಕಿ ಮುಚ್ಚುತ್ತಾನೆ, ನಾವು ಟಿವಿ ಮುಚ್ಚುತ್ತೇವೆ. ಇನ್ನು ‘ಒಂದೆರಡು ಕಡೆ ಮಳೆ’ ಎಂದರೆ ಅವರ ಗಣಿತದಲ್ಲಿ ನೂರು ಮಳೆಮಾಪಕದಲ್ಲಿ ಇಪ್ಪತ್ತೈದನ್ನು ಮೀರದಷ್ಟು. ಆ ಒಂದೆರಡು ಕಡೆಯಲ್ಲಿ ನಮ್ಮ ಹೊಲ ಇದೆಯೋ ಇಲ್ಲವೋ ಎನ್ನುವುದು ಹಣೆಬರಹ ಶಾಸ್ತ್ರಕ್ಕೆ ಸೇರಿದ್ದು, ಹವಾಮಾನ ಶಾಸ್ತ್ರಕ್ಕಲ್ಲ. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟಕ್ಕೇ ಮಾಪಕ ನಿಲ್ಲಿಸಿದ್ದಾರೆ. ಒಳ್ಳೆಯ ಕೆಲಸ. ಈಗ ನಮ್ಮೂರಲ್ಲಿ ಮಳೆ ಬರಲಿಲ್ಲ ಎಂಬುದು ಬೆಂಗಳೂರಿಗೂ ಹದಿನೈದು ನಿಮಿಷದಲ್ಲಿ ತಿಳಿಯುತ್ತದೆ.

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಮೇ ತಿಂಗಳ ಮಧ್ಯಾಹ್ನ ಹೋಗಿ ನೋಡಬೇಕು. ಹತ್ತುವಾಗ ಸೀಟಿನ ಕಬ್ಬಿಣ ಕೈ ಸುಡುತ್ತಿರುತ್ತದೆ. ತೆರಕಣಾಂಬಿ ಬರುವಷ್ಟರಲ್ಲಿ ಆಕಾಶ ಕಾಡಿಗೆ, ಸಂತೆ ಮಾಳದಲ್ಲಿ ಟೊಮೆಟೊ ಕ್ರೇಟಿಗೆ ಟಾರ್ಪಾಲು ಎಳೆಯುವವರ ಕೂಗು, ಗುಡುಗು, ಕಂಡಕ್ಟರು ‘ಕಿಟಕಿ ಇಳ್ಸಿ, ಕಿಟಕಿ ಇಳ್ಸಿ’ ಅನ್ನುತ್ತ ಹಿಂದಿನಿಂದ ಮುಂದಕ್ಕೆ ಓಟ. ಕಿಟಕಿಯೋ, ಅರ್ಧಕ್ಕೆ ಇಳಿದು ಅಲ್ಲೇ ಕಚ್ಚಿಕೊಳ್ಳುತ್ತದೆ. ಹತ್ತು ನಿಮಿಷ ಜಳಕ. ಆಮೇಲೆ ಯಾರೋ ಗೆರೆ ಎಳೆದ ಹಾಗೆ ರಸ್ತೆ ಒಣಗಿ, ಚಾಮರಾಜನಗರದ ಬಸ್ ನಿಲ್ದಾಣದಲ್ಲಿ ಧೂಳು. ನೆಂದ ಅಂಗಿಯಲ್ಲಿ ಇಳಿದವನನ್ನು ಕಂಡು ಅಲ್ಲಿಯವರು, ‘ಕೆರಗ ಬಿದ್ಬುಟ್ರಾ ಬುದ್ದಿ?’ ಎಂದು ಕೇಳುತ್ತಾರೆ.

ಮಾನ್ಸೂನು ಚಾಮರಾಜನಗರಕ್ಕೆ ಕಾಲಿಡಲು ಹೆದರುವುದಕ್ಕೆ ಇನ್ನೊಂದು ಕಾರಣವೂ ಇರಬಹುದು. ಈ ಊರಿಗೆ ಬಂದ ಮುಖ್ಯಮಂತ್ರಿಯ ಕುರ್ಚಿ ಹೋಗುತ್ತದೆ ಎಂಬ ಮೂಢನಂಬಿಕೆ ಎಷ್ಟೋ ವರ್ಷ ವಿಧಾನಸೌಧವನ್ನೇ ಆಳಿತು. ಸಿದ್ದರಾಮಯ್ಯನವರು ಮತ್ತೆ ಮತ್ತೆ ಬಂದುಹೋಗಿ 2013ರಿಂದ 2018ರವರೆಗೆ ಐದು ವರ್ಷ ಪೂರಾ ಮುಗಿಸಿದರು. 2025ರ ಏಪ್ರಿಲ್ 24ರಂದು ಮಲೆ ಮಹದೇಶ್ವರ ಬೆಟ್ಟದಲ್ಲಿ ಸಂಪುಟ ಸಭೆಯೇ ನಡೆಯಿತು. ಆದರೆ ಈ ಸುದ್ದಿ ಇನ್ನೂ ಮೋಡಗಳಿಗೆ ತಲುಪಿದಂತಿಲ್ಲ. ಅದೇ ವರ್ಷ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂತು, 2009ರ ನಂತರ ಇಷ್ಟು ಬೇಗ ಬಂದದ್ದೇ ಇಲ್ಲ ಎಂದು ಟಿವಿಯವರು ಕುಣಿದರು. ಬಂದದ್ದು ನಿಜ. ಆದರೆ ಕೇರಳಕ್ಕೆ ಬಂದವರೆಲ್ಲ ಗುಂಡ್ಲುಪೇಟೆಯಲ್ಲಿ ಇಳಿಯಬೇಕೆಂದಿಲ್ಲವಲ್ಲ.

ಹಾಗಾದರೆ ಪಂಚಾಂಗ ವಾಸಿಯೇ? ಯುಗಾದಿ ಸಂಜೆ ದೇವಸ್ಥಾನದಲ್ಲಿ ಅಯ್ಯನವರು ಓದುವಾಗ ನಾನೂ ಕಿವಿಗೊಟ್ಟಿದ್ದೇನೆ. ಈ ವರ್ಷ ಇಷ್ಟು ಕೊಳಗ ಮಳೆ, ಅದರಲ್ಲಿ ಸಮುದ್ರಕ್ಕೆ ಇಷ್ಟು ಪಾಲು, ಬೆಟ್ಟಕ್ಕೆ ಇಷ್ಟು, ಭೂಮಿಗೆ ಇಷ್ಟು. ಪ್ರತಿ ವರ್ಷ ಸಮುದ್ರಕ್ಕೇ ದೊಡ್ಡ ಪಾಲು! ಈಗಾಗಲೇ ತುಂಬಿ ತುಳುಕುವವನಿಗೆ ಮತ್ತೆ ಬಡಿಸುವ ಈ ಪದ್ಧತಿ ಸರ್ಕಾರದ್ದು ಮಾತ್ರ ಎಂದುಕೊಂಡಿದ್ದೆ. ಬೆಟ್ಟದ ಪಾಲು ವಯನಾಡಿನವರು ಇಟ್ಟುಕೊಳ್ಳುತ್ತಾರೆ, ಸಮುದ್ರದ ಪಾಲಿನ ಮೇಲೆ ನಮ್ಮ ಅಳಿಯ ಸವಾರಿ ಮಾಡುತ್ತಾನೆ. ಇನ್ನು ಪ್ರತಿ ಮಳೆ ನಕ್ಷತ್ರಕ್ಕೂ ಒಂದೊಂದು ವಾಹನ ಬೇರೆ: ಕಪ್ಪೆ, ಕೋಣ, ಆನೆ, ಕುದುರೆ. ಕಪ್ಪೆ ಏರಿ ಬಂದರೆ ಒಳ್ಳೆ ಮಳೆ ಎನ್ನುತ್ತಾರೆ. ನಮ್ಮೂರಿಗೆ ಬರುವ ವಾಹನ ಮಾತ್ರ ಯಾವ ನಕ್ಷತ್ರದಲ್ಲಾದರೂ ಬೈಪಾಸಿನಲ್ಲೇ ಹೋಗುತ್ತದೆ.

ಆದರೂ ಒಂದು ಮಾತು ಒಪ್ಪಬೇಕು. ಹಳಬರಿಗೆ ಈ ಜಾಗದ ಚಾಳಿ ಗೊತ್ತಿತ್ತು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ಸುಮ್ಮನೆ ಹೇಳಲಿಲ್ಲ. ಏಪ್ರಿಲ್ ಕೊನೆಯಿಂದ ಮೇ ಮೊದಲ ಪಕ್ಷದವರೆಗೆ ಭರಣಿ, ಅದರ ಹಿಂದೆಯೇ ಕೃತ್ತಿಕೆ. ಕರಾವಳಿಯವರು ಇನ್ನೂ ಬೀಸಣಿಗೆ ಬೀಸಿಕೊಳ್ಳುತ್ತಿರುವಾಗ ನಮ್ಮಲ್ಲಿ ಗುಡುಗು ಮಳೆ. ಅದೇ ನಮಗೆ ಬಿತ್ತನೆಯ ಹದ. ಜೂನ್‌–ಜುಲೈ ಎಂದು ಶಾಲೆಯ ಪುಸ್ತಕದಲ್ಲಿ ಓದಿದ ಮಳೆಗಾಲ ನಮಗೆ ಸೋನೆ ಮತ್ತು ಗಾಳಿ, ಅಷ್ಟೇ. ಮತ್ತೆ ನಿಜವಾದ ಮಳೆ ಬೀಳುವುದು ಸೆಪ್ಟೆಂಬರ್‌–ಅಕ್ಟೋಬರಿನಲ್ಲಿ, ಉತ್ತರೆ, ಹಸ್ತೆ, ಚಿತ್ತೆಯ ಹೊತ್ತಿಗೆ. ಆಗ ಅದು ಬರುವುದು ಹಿತ್ತಲ ಕಡೆಯಿಂದ, ಬಂಗಾಳ ಕೊಲ್ಲಿಯಿಂದ ತಮಿಳುನಾಡು ದಾಟಿ, ದಿಂಬಂ ಘಾಟಿ ಹತ್ತಿ, ಕನ್ನಡದವರೇ ತುಂಬಿರುವ ತಾಳವಾಡಿಯ ಮೇಲೆ ಹಾದು. 2024ರ ನವೆಂಬರ್ 30ರಂದು ಪುದುಚೇರಿಯ ಹತ್ತಿರ ಫೆಂಗಲ್ ಚಂಡಮಾರುತ ದಡ ಹತ್ತಿತು. ಹತ್ತಿದ್ದು ಅಲ್ಲಿ, ನೆನೆದದ್ದು ನಮ್ಮ ಕಣದ ರಾಗಿ. ಬೇಕಾದಾಗ ಚೆಕ್‌ಪೋಸ್ಟ್ ದಾಟದ ಮಳೆ ಬೇಡವಾದಾಗ ಒಂದು ರಾಜ್ಯವನ್ನೇ ದಾಟಿ ಬರುತ್ತದೆ.

ಹೀಗಾಗಿ ನಮ್ಮಲ್ಲಿ ಭವಿಷ್ಯ ಹೇಳುವವರೆಲ್ಲರೂ ಹಿಂದೆ ಒಂದು ಬಾಗಿಲು ತೆರೆದಿಟ್ಟುಕೊಂಡೇ ಮಾತಾಡುತ್ತಾರೆ. ಇಲಾಖೆಗೆ ‘ಒಂದೆರಡು ಕಡೆ’ ಇದೆ. ಅಯ್ಯನವರಿಗೆ ವಾಹನವಿದೆ. ಅಳಿಯನ ಮೊಬೈಲಿಗೆ ‘ಪರವಾಗಿಲ್ಲದಿಂದ ಚೆನ್ನಾಗಿದೆವರೆಗೆ’. ಟೀ ಅಂಗಡಿಯ ಹಿರಿಯರಂತೂ, ‘ಮಳ ಬತ್ತದ, ಗಾಳಿ ತಿರುಗ್ದಿದ್ರ’ ಎನ್ನುತ್ತಾರೆ. ಗಾಳಿ ತಿರುಗದ ದಿನ ಗುಂಡ್ಲುಪೇಟೆಯ ಚರಿತ್ರೆಯಲ್ಲೇ ಇಲ್ಲ. ಬಾಗಿಲಿಲ್ಲದೆ ಸಿಕ್ಕಿಬೀಳುವವನು ಬೀಜ ಹಾಕಿದವನೊಬ್ಬ. ಭರಣಿ ನಂಬಿ ಸೂರ್ಯಕಾಂತಿ ಎರಚಿದ, ಕೃತ್ತಿಕೆ ಕೈಕೊಟ್ಟಿತು, ಮತ್ತೆ ಬೀಜ ತಂದ. ಪಕ್ಕದವನು ಕಾದು ಕೂತ, ಅವನ ಬಾಳೆತೋಟಕ್ಕೆ ಒಂದೇ ಸಂಜೆಯ ಬಿರುಗಾಳಿ ನುಗ್ಗಿ ಗೊನೆ ಸಮೇತ ಮಲಗಿಸಿತು. ಸುರಿದ ಮಳೆ ಮಾತ್ರ ಮೂರನೆಯವನ ಹೊಲಕ್ಕೆ. ಅವನು ಮೈಸೂರಿನಲ್ಲಿ ಮನೆ ಮಾಡಿ ವ್ಯವಸಾಯ ಬಿಟ್ಟು ಕಾಲವಾಯಿತು.

ಅಳಿಯನಿಗೆ ಉತ್ತರ ಕೊಡದೆ ಬಿಡುವುದು ಮಾವನ ಮರ್ಯಾದೆಗೆ ಕಮ್ಮಿ. ಅವನದೇ ಧಾಟಿಯಲ್ಲಿ ಒಂದು ವರದಿ ಬರೆದು ಕಳಿಸಿದೆ. ‘ಮುಂದಿನ ವಾರ ಗುಂಡ್ಲುಪೇಟೆ: ಬೆಟ್ಟದ ಮೇಲೆ ಅಲೆಯ ಎತ್ತರ ದೇವಸ್ಥಾನದ ಗೋಪುರದಷ್ಟು, ಬೆಟ್ಟದ ಕೆಳಗೆ ಸೊನ್ನೆ. ಗಾಳಿ ಪಶ್ಚಿಮದಿಂದ, ಪಂಚೆ ಹಾರುವ ಮಟ್ಟ. ಮಂಗಳವಾರ ತೆರಕಣಾಂಬಿಯಲ್ಲಿ ಹತ್ತು ನಿಮಿಷ ಉತ್ತಮ ಸವಾರಿ, ಟಾರ್ಪಾಲು ತರತಕ್ಕದ್ದು. ಚಾಮರಾಜನಗರದಲ್ಲಿ ಧೂಳಿನ ಅಲೆ, ಎಲ್ಲ ವಯಸ್ಸಿನವರಿಗೂ ಯೋಗ್ಯ. ಗುರುವಾರ ಮದುವೆ ಇರುವುದರಿಂದ ಚಪ್ಪರ ಹಾಕಿದ ಬೀದಿಯಲ್ಲಿ ಮಾತ್ರ ಭಾರಿ ಮಳೆ.’ ‘ಮಾವ, ಇಷ್ಟು ಖಚಿತವಾಗಿ ಯಾರೂ ಹೇಳಲ್ಲ’ ಎಂದು ಮರುಉತ್ತರ ಬಂತು. ಗುರುವಾರದ್ದೊಂದು ನಿಜವಾಯಿತು. ಉಳಿದದ್ದಕ್ಕೆ ಗಾಳಿ ತಿರುಗಿತು.

ಇಷ್ಟೆಲ್ಲ ವಿದ್ವಾಂಸರ ಮಧ್ಯೆ ನಾನು ತಲೆಬಾಗಿದ್ದು ಒಬ್ಬ ಹೆಂಗಸಿನ ಮುಂದೆ. ಜುಲೈ–ಆಗಸ್ಟಿನಲ್ಲಿ ಹೆದ್ದಾರಿಯ ಎರಡೂ ಬದಿ ಸೂರ್ಯಕಾಂತಿ, ಚೆಂಡುಹೂವು ಅರಳಿದರೆ ಕೇರಳದಿಂದ ಕಾರುಗಳ ಸಾಲು, ಹೂವಿನ ನಡುವೆ ನಿಂತು ಫೋಟೊ. ಹೊಲದ ಬದುವಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಆಕೆಯ ಮಡಿಲಲ್ಲಿ ಚಿಲ್ಲರೆಯ ಚೀಲ. ವಯನಾಡಿನ ಕಡೆ ಮುಗಿಲು ಕಟ್ಟಿತ್ತು. ಹೊಸ ಅಂಗಿಯ ಮಲಯಾಳಿ ಯಜಮಾನರೊಬ್ಬರು ಆಕಾಶ ನೋಡಿ, ‘ಅಮ್ಮಾ, ಮಳ ವರುಮೋ?’ ಎಂದರು. ಆಕೆ ತಲೆ ಎತ್ತಿಯೂ ನೋಡಲಿಲ್ಲ.

‘ಬಂದ್ರ ಬರ್ಲಿ ಸಾಮಿ. ತಲಗ ಇಪ್ಪತ್ ರೂಪಾಯಿ. ನೆಂದ್ರೂ ಅಷ್ಟೇ, ನೆನಿದಿದ್ರೂ ಅಷ್ಟೇ.’