ರಾಗಿ ಪೈರಿನಲ್ಲಿ ಮುಳುಗಿದ ದಂಡು

ಹಿಂದಿನ ಕಾಲದ ಯುದ್ಧಗಳನ್ನು ಕಿರುಗೊಂಬೆಗಳ ಮೂಲಕ ಮೇಜಿನ ಮೇಲೆ ಮತ್ತೊಮ್ಮೆ ಆಡುವ ಹವ್ಯಾಸದಲ್ಲಿ ಸೈನಿಕನಿಗೆ ಸಲ್ಲುವ ಗೌರವ ಅವನು ಮಲಗುವ ಡೇರೆಗೆ ಸುಲಭವಾಗಿ ದೊರೆತದ್ದಲ್ಲ. 19ನೆಯ ಶತಮಾನದ ಆರಂಭದಲ್ಲಿ ಪ್ರಷ್ಯದ ಸೇನಾಧಿಕಾರಿಗಳ ತರಬೇತಿಗೆ ಬಳಕೆಯಾಗಿ, 1913ರಲ್ಲಿ ಎಚ್. ಜಿ. ವೆಲ್ಸ್ ಪ್ರಕಟಿಸಿದ ‘ಲಿಟಲ್ ವಾರ್ಸ್’ ಪುಸ್ತಕದಿಂದ ಸಾಮಾನ್ಯರ ನಡುಮನೆಗೂ ಇಳಿದ ಈ ಆಟದಲ್ಲಿ ಪಾಳೆಯಕ್ಕೆ, ಎಂದರೆ ದಂಡು ಬೀಡುಬಿಟ್ಟ ಜಾಗಕ್ಕೆ, ಒಂದು ಸ್ಥಾನ ಸಿಕ್ಕಿದ್ದು 1990ರ ‘ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್’ನಂತಹ ನಿಯಮಾವಳಿಗಳಿಂದ, ಅಲ್ಲಿ ಪಾಳೆಯ ಲೂಟಿಯಾದರೆ ಅದೂ ಸೋಲಿನ ಲೆಕ್ಕಕ್ಕೆ ಸೇರುತ್ತದೆ.

ಮಧುಗಿರಿ ಸೀಮೆಯ ಹವ್ಯಾಸಿಗೆ ಪಾಳೆಯದ ಮೇಲೆ ಇರುವ ಒಲವಿಗೆ ಗಣಿತದ ಬಲವಾದ ಕಾರಣವಿದೆ. ಈ ಆಟದ ಪ್ರಚಲಿತ ಅಳತೆಯಾದ 28 ಮಿಲಿಮೀಟರಿನ ಗೊಂಬೆ ನಿಜವಾದ ಮನುಷ್ಯನ ಸುಮಾರು ಅರವತ್ತನೆಯ ಒಂದು ಭಾಗ. ಅದೇ ಪ್ರಮಾಣದಲ್ಲಿ, ಊರಿನಿಂದ 400 ಮೀಟರಿನಷ್ಟು ಎದ್ದು ನಿಂತಿರುವ ಮಧುಗಿರಿಯ ಏಕಶಿಲಾಬೆಟ್ಟವನ್ನು ಮಾಡಹೊರಟರೆ ಅದು 20 ಅಡಿಯನ್ನು ಮೀರುವುದರಿಂದ, ಮೊದಲು ಮನೆಯ ಸೂರನ್ನು ತೆಗೆಸಬೇಕಾಗುತ್ತದೆ. ಪಾವಗಡದ ಬೆಟ್ಟಕ್ಕೂ ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗಕ್ಕೂ ಇದೇ ತೊಡಕು ಅನ್ವಯಿಸುತ್ತದೆ. ಆದ್ದರಿಂದ ಕೋಟೆಯನ್ನು ಹಿಂದಿನ ಗೋಡೆಯ ರಟ್ಟಿನಲ್ಲಿ ಚಿತ್ರವಾಗಿ ನಿಲ್ಲಿಸಿ, ಅದರ ಬುಡದಲ್ಲಿ ಮುತ್ತಿಗೆ ಹಾಕಿ ಕುಳಿತವರ ಬಿಡಾರವನ್ನಷ್ಟೇ ರಚಿಸುವ ಪದ್ಧತಿಯನ್ನು ಪ್ರಸ್ತುತ ಲೇಖಕನು ಸ್ಥಾಪಿಸಿದ್ದಾನೆ. ಈ ಪದ್ಧತಿಗೆ ಸದ್ಯಕ್ಕೆ ಅವನೊಬ್ಬನೇ ಅನುಯಾಯಿ. ಪ್ರದರ್ಶನಕ್ಕೆ ದೊರೆತ ಏಕೈಕ ಸ್ಥಳ ನವರಾತ್ರಿಯ ಗೊಂಬೆ ಹಬ್ಬದ ಕೆಳಗಿನ ಮೆಟ್ಟಿಲು. ಪಟ್ಟದ ಗೊಂಬೆಗಳು ಮೇಲೆ ಕುಳಿತಿರುತ್ತವೆ. ದಂಡು ಅವುಗಳ ಕಾಲ ಬುಡದಲ್ಲಿ.

ವಿಧಾನ ಸರಳ. ಹಳೆಯ ಪಂಚೆಯ ತುಂಡನ್ನು ಫೆವಿಕಾಲ್ ಕಲಸಿದ ನೀರಿನಲ್ಲಿ ಅದ್ದಿ ಕಡ್ಡಿಗಳ ಮೇಲೆ ಹೊದಿಸಿದರೆ ಡೇರೆ ಸಿದ್ಧ. ತೆಳು ಕಾಫಿ ಡಿಕಾಕ್ಷನ್ ಹರಿಸಿದರೆ ಮಡಿಕೆಗಳಲ್ಲಿ ಕೊಳೆ ಕೂರುತ್ತದೆ. ಕುಂಚದ ಬಣ್ಣವನ್ನೆಲ್ಲ ಬಟ್ಟೆಗೆ ಒರೆಸಿ, ಉಳಿದ ಒಣ ಲೇಪವನ್ನು ಉಬ್ಬುಗಳ ಮೇಲಷ್ಟೇ ಸವರಿದರೆ ಬಿಸಿಲು ಬಿದ್ದಂತೆ ತೋರುತ್ತದೆ. ನೆಲಕ್ಕೆ ಜಯಮಂಗಲಿ ನದಿಯ ಮರಳು ಶ್ರೇಷ್ಠವಾದರೂ, ಕೊರಟಗೆರೆಯ ಕಡೆ ಹೊಳೆಯ ಪಾತ್ರದಲ್ಲಿ ಒಂದು ಹಿಡಿ ಮರಳು ತುಂಬಿಕೊಳ್ಳುವವನನ್ನು ಜನ ನೋಡುವ ನೋಟ ಕಲಾಸಾಧನೆಗೆ ಅನುಕೂಲವಾದದ್ದಲ್ಲ. ಟಿಪ್ಪುವಿನದೆಂದು ಹೆಸರಾದ, ಹೂಕುಂಡಗಳ ಅಚ್ಚುಳ್ಳ ಚೀಟಿಬಟ್ಟೆಯ ಡೇರೆಯೊಂದು ಇಂದಿಗೂ ವೇಲ್ಸ್‌ನ ಪೋವಿಸ್ ಕೋಟೆಯಲ್ಲಿದೆ. ಅದರ ಮಾದರಿಯಲ್ಲಿ ಬರೆದ ಹೂಗಳು ಎರಡಂಗುಲದ ಬಟ್ಟೆಯ ಮೇಲೆ ಸಿಡುಬಿನ ಬೊಕ್ಕೆಗಳಂತೆ ಕಂಡವು. ಸಿಡುಬಿನ ದೇವತೆಯಾದ ದಂಡಿನ ಮಾರಮ್ಮನ ಊರಿನಲ್ಲಿ ಅದು ಅಪಶಕುನವೇನೂ ಅಲ್ಲವೆಂದು ಮನೆಯ ಹಿರಿಯರು ತೀರ್ಮಾನಿಸಿದರು.

ಮಿತವ್ಯಯದ ದೃಷ್ಟಿಯಿಂದ ಶಿರಾ ಪಾಳೆಯವು ಅತ್ಯುತ್ತಮ. 1638ರಲ್ಲಿ ಬಿಜಾಪುರದ ರಣದುಲ್ಲಾಖಾನ್, 1687ರಲ್ಲಿ ಮೊಗಲರು, 1757ರಲ್ಲಿ ಮರಾಠರು, 1761ರಲ್ಲಿ ಹೈದರ್, 1766ರಲ್ಲಿ ಮತ್ತೆ ಮರಾಠರು, 1774ರಲ್ಲಿ ಟಿಪ್ಪು ಹೀಗೆ ಊರು ಕೈಬದಲಾಗಿರುವುದರಿಂದ, ಒಂದೇ ಡೇರೆಗಳ ಸಾಲಿಗೆ ಬಾವುಟವನ್ನಷ್ಟೇ ಬದಲಿಸಿ ಒಂದೂಕಾಲು ಶತಮಾನಕ್ಕೂ ಹೆಚ್ಚು ಕಾಲವನ್ನು ನಿಭಾಯಿಸಬಹುದು.

ಇನ್ನು ಹಸಿರಿನ ಪ್ರಶ್ನೆ. ಪರದೇಶದ ಹವ್ಯಾಸಿಗಳು ಇದಕ್ಕೆ ಬಣ್ಣ ಹಾಕಿದ ಮರದ ಹೊಟ್ಟನ್ನು ಉದುರಿಸುತ್ತಾರೆ. ಗೊಂಬೆ ಹಬ್ಬದ ಸಂಪ್ರದಾಯವು ತಟ್ಟೆಯ ಮಣ್ಣಿನಲ್ಲಿ ರಾಗಿ ಚೆಲ್ಲಿ ಪೈರು ಬರಿಸುತ್ತದೆ. ಸಂಪ್ರದಾಯವೇ ಗೆದ್ದು, ಮಧುಗಿರಿ ಕೋಟೆಯನ್ನು ಮುತ್ತಬೇಕಿದ್ದ ಪರಶುರಾಮ ಭಾವೂವಿನ ಮರಾಠಾ ದಂಡು ರಾಗಿ ಬಿತ್ತಿದ ತಟ್ಟೆಯಲ್ಲಿ ಬೀಡುಬಿಟ್ಟಿತು. ಪಾಡ್ಯದಂದು ಮೊಳಕೆ ಸೈನಿಕರ ಹಿಮ್ಮಡಿ ಮುಟ್ಟಿ, ನೋಡಿದವರೆಲ್ಲ ತಲೆದೂಗುವಂತಿತ್ತು. ತದಿಗೆಗೆ ಪೈರು ಸೊಂಟಕ್ಕೆ ಬಂದಿತು. ಅದನ್ನು ಮುಂಗಾರಿನ ಬೆಳೆ ಎಂದು ವಿವರಿಸಲಾಯಿತು. ಪಂಚಮಿಗೆ ಕಾಲಾಳುಗಳ ತಲೆ ಮರೆಯಾಗಿ, ಕುದುರೆಯ ಮೇಲಿದ್ದವರು ಮಾತ್ರ ಎದೆಯಿಂದ ಮೇಲಕ್ಕೆ ಕಾಣುತ್ತಿದ್ದರು. ಅದನ್ನು ಹೊಂಚು ದಾಳಿ ಎಂದು ವಿವರಿಸಲಾಯಿತು. ಸಪ್ತಮಿಗೆ ಡೇರೆಗಳೂ, ಅಷ್ಟಮಿಗೆ ಸಿಡುಬಿನ ಡೇರೆಯ ಕಳಶವೂ ಮುಳುಗಿ, ಯಾವ ವಿವರಣೆಯೂ ಉಳಿಯಲಿಲ್ಲ. ಮೂರಂಗುಲದ ಪೈರು ಅಳತೆಯ ಪ್ರಕಾರ 15 ಅಡಿಯ ಕಾಡು. ಅದರೊಳಗೆ ಫಿರಂಗಿ, ಒಂಟೆ, ಅಡುಗೆಯ ಕೊಪ್ಪರಿಗೆಗಳ ಸಮೇತ ಒಂದು ಇಡೀ ಸೈನ್ಯ ಬೆರಳಿನಿಂದ ತಡಕಿದರಷ್ಟೇ ಸಿಗುವ ಸ್ಥಿತಿಗೆ ತಲುಪಿತು. ಕತ್ತರಿ ಹಿಡಿದು ಹೊರಟ ಲೇಖಕನನ್ನು ಸೋದರತ್ತೆ ಕೇಳಿದ್ದು ಒಂದೇ ಮಾತು: “ದೇವ್ರ ಪೈರಿಗೆ ಕತ್ತರಿ ಇಕ್ತೀಯೇನೋ?” ವಿಜಯದಶಮಿಗೆ ಮೊದಲು ಕೊಯ್ಲು ಇಲ್ಲವೆಂದಾಯಿತು. ಮಧುಗಿರಿ ಕೋಟೆಯ ಮುತ್ತಿಗೆ ರಾಗಿಯ ಬಲದಿಂದ ಮುರಿದದ್ದು ಯಾವ ಬಖೈರಿನಲ್ಲೂ, ಎಂದರೆ ಮರಾಠರ ಚರಿತ್ರೆಯ ಬರಹದಲ್ಲೂ, ದಾಖಲಾಗಿಲ್ಲ.

ನೋಡಲು ಬಂದವರ ಬಗ್ಗೆ ಹೆಚ್ಚು ಬರೆಯುವುದು ಶಿಷ್ಟಾಚಾರವಲ್ಲ. ಒಬ್ಬರು ಇದು ತೋಟವೇ ಎಂದರು. ಒಬ್ಬರು ಕೋಸಂಬರಿ ಪೊಟ್ಟಣವನ್ನು ಒಂಟೆಸಾಲಿನ ಮೇಲೇ ಇಟ್ಟು ಫೋಟೊ ತೆಗೆದರು. ಅವರ ಮಗು ಪೈರಿನ ನಡುವೆ ಒಂದು ಪ್ಲಾಸ್ಟಿಕ್ ಡೈನೋಸಾರನ್ನು ನಿಲ್ಲಿಸಿತು, ಮತ್ತು ಅದೊಂದೇ ಎಲ್ಲರಿಗೂ ಕಂಡಿತು. ಇತಿಹಾಸ ಬಲ್ಲೆನೆನ್ನುವವರು ಬಂದೂಕಿನ ಉದ್ದವನ್ನು ಆಕ್ಷೇಪಿಸುತ್ತಾರೆಯೇ ಹೊರತು ಎತ್ತುಗಳು ಎಷ್ಟಿರಬೇಕೆಂದು ಕೇಳುವುದಿಲ್ಲ. 1791ರ ಮೇ ತಿಂಗಳಿನಲ್ಲಿ ಶ್ರೀರಂಗಪಟ್ಟಣದ ಹತ್ತಿರದವರೆಗೂ ಹೋದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಎತ್ತುಗಳು ಸತ್ತು, ದವಸ ಮುಗಿದು, ತನ್ನ ಭಾರಿ ಫಿರಂಗಿಗಳನ್ನು ತಾನೇ ಹಾಳುಗೆಡವಿ ಹಿಂದಿರುಗಬೇಕಾಯಿತು. ದಾರಿಯಲ್ಲಿ ಕೂಡಿಕೊಂಡ ಮರಾಠರ ದಂಡಿನ ಬಜಾರು ಮಾರಿದ ದುಬಾರಿ ಧಾನ್ಯವೇ ಆ ಸೈನ್ಯವನ್ನು ಉಳಿಸಿತು. ಯುದ್ಧ ನಡೆಯುವುದು ಪಾಳೆಯದ ಹೊಟ್ಟೆಯ ಮೇಲೆ, ಪಾಳೆಯದ ಹೊಟ್ಟೆ ತುಂಬುವುದು ಸುತ್ತಲಿನ ಹಳ್ಳಿಗಳ ಹಗೇವಿನಿಂದ, ಎಂದರೆ ನೆಲದೊಳಗಿನ ಧಾನ್ಯದ ಗುಂಡಿಯಿಂದ.

ಶಿರಾ ಪಾಳೆಯದ ಬಾವುಟ ಬದಲಿಸುವ ಸುಲಭದ ಕೆಲಸ ಇಲ್ಲಿ ಸ್ವಲ್ಪ ಕಷ್ಟವಾಗುತ್ತದೆ. ಶ್ರೀರಂಗಪಟ್ಟಣದ ಗಂಜಾಂ ಪೇಟೆಯನ್ನು ತುಂಬಿಸುವುದಕ್ಕಾಗಿ ಟಿಪ್ಪು ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಸಾಗಿಸಿದನೆಂದು ಮೈಸೂರು ಗೆಜೆಟಿಯರು ಹೇಳುತ್ತದೆ. ಯುದ್ಧದಾಟದ ಗೊಂಬೆಗಳ ಪೆಟ್ಟಿಗೆಯಲ್ಲಿ ಸರದಾರ, ಗೋಲಂದಾಜ, ನಗಾರಿಯವನು ಎಲ್ಲರೂ ಇರುತ್ತಾರೆ. ಶಿರಾದಿಂದ ಹೊರಟ ಮನೆಮಂದಿ ಲೇಖಕನಿಗೆ ಯಾವ ಪೆಟ್ಟಿಗೆಯಲ್ಲೂ ಸಿಕ್ಕಿಲ್ಲ. ಮೂಟೆ ಹೊತ್ತ ಹೆಂಗಸು, ಮಗುವನ್ನು ಹೆಗಲಿಗೇರಿಸಿದ ಗಂಡಸು, ಇಂತಹ ಒಂದಂಗುಲದ ಗೊಂಬೆಗಳು ಎಲ್ಲಾದರೂ ದೊರೆಯುವುದನ್ನು ಬಲ್ಲ ಓದುಗರು ದಯವಿಟ್ಟು ಮಹಾಲಯ ಅಮಾವಾಸ್ಯೆಯ ಒಳಗೆ ತಿಳಿಸಬೇಕು. ಡೈನೋಸಾರು ಬೇಡ.