ಮೈನಸ್ಸೇ ಮೊದಲು: ಬ್ಯಾಟರಿ ವಿಸರ್ಜನ ಮೀಮಾಂಸೆ

ಕಾರಿನ ಬ್ಯಾಟರಿಯನ್ನು ಮನೆಯಂಗಳದಲ್ಲೇ ಬದಲಿಸುವುದು ಮೆಕ್ಯಾನಿಕ್ಕನ ವಿದ್ಯೆ ಎಂದು ಲೋಕ ನಂಬಿದೆ. ಇದು ಅಲ್ಪಶ್ರುತರ ಮತ. ಬಹುಪಾಲು 10 ಮಿ.ಮೀ. ಸ್ಪ್ಯಾನರ್ ಒಂದರಲ್ಲೇ ಮುಗಿಯುವ ಕೆಲಸಕ್ಕೆ ವಿದ್ಯೆ ಯಾಕೆ ಬೇಕು? ಬೇಕಾದದ್ದು ಕ್ರಮ, ಕ್ರಮದ ಮಾತು ಬಂತೆಂದರೆ ಅದು ಯಜ್ಞವಿಧಿಗಳನ್ನು ವಿಚಾರಿಸುವ ಪೂರ್ವಮೀಮಾಂಸೆಯ ಸೊತ್ತು. 1859ರಲ್ಲಿ ಸೀಸದ ಹಾಳೆಗಳನ್ನು ಸುರುಳಿ ಸುತ್ತಿ ಗಂಧಕಾಮ್ಲದಲ್ಲಿ ಮುಳುಗಿಸಿದ ಫ್ರಾನ್ಸಿನ ಗ್ಯಾಸ್ಟೋನ್ ಪ್ಲಾಂಟೆ ಆ ಶಾಸ್ತ್ರದ ಸೂತ್ರಕಾರ ಜೈಮಿನಿಯನ್ನು ಓದಿದ್ದನೆಂಬುದಕ್ಕೆ ಪ್ರಮಾಣವಿಲ್ಲ. ಆದರೂ ಅವನ ಸೃಷ್ಟಿಯ ವಂಶಜನನ್ನು ಬಾನೆಟ್ಟಿನಡಿಯಿಂದ ಎತ್ತುವಾಗ ಜೈಮಿನಿಯ ಹೊರತು ಗತಿಯಿಲ್ಲವೆಂದು ಇಲ್ಲಿ ಸಾಧಿಸಲಾಗುವುದು.

ವಿಧಿ ಇಷ್ಟೇ: ಬಿಚ್ಚುವಾಗ ಮೈನಸ್ ಮೊದಲು, ಕಟ್ಟುವಾಗ ಮೈನಸ್ ಕೊನೆಗೆ. ಸಂಶಯವೇನೆಂದರೆ, ಇದರ ಫಲ ಕಣ್ಣಿಗೆ ಕಾಣುವ ದೃಷ್ಟವೋ, ಕಾಣದ ಅದೃಷ್ಟವೋ? ಪಕ್ಕದ ಮನೆಯ ಅಂಕಲ್ ಎಂಬ ಪೂರ್ವಪಕ್ಷಿ ಕಾಂಪೌಂಡಿನ ಆಚೆಯಿಂದ ಹೇಳುತ್ತಾನೆ: "ಯಾವುದು ಮೊದಲು ಬಿಚ್ಚಿದರೇನ್ರೀ, ಬ್ಯಾಟರಿ ಹೊರಗೆ ಬರುತ್ತಲ್ಲ!" ಯಾಗದ ಭತ್ತವನ್ನು ಕುಟ್ಟಿಯೇ ಹೊಟ್ಟು ಬಿಡಿಸಬೇಕು, ಉಗುರಿನಿಂದ ಸುಲಿಯಬಾರದು ಎಂಬ ನಿಯಮಕ್ಕೂ ಹಿಂದೆ ಇಂಥದೇ ಆಕ್ಷೇಪ ಬಂದಿತ್ತು, ಅಲ್ಲಿ ಮೀಮಾಂಸಕರು ಅದೃಷ್ಟಫಲವನ್ನು ಕಲ್ಪಿಸಿ ಪಾರಾದರು. ನಮಗೆ ಆ ಕಷ್ಟವಿಲ್ಲ. ಮೈನಸ್ಸಿನ ತಂತಿ ಕಾರಿನ ಬಾಡಿಗೇ ಕಟ್ಟಿರುತ್ತದೆ. ಆದ್ದರಿಂದ ಪ್ಲಸ್ಸನ್ನು ಮೊದಲು ಬಿಚ್ಚಹೊರಟವನ ಸ್ಪ್ಯಾನರ್ ಪಕ್ಕದ ತಗಡಿಗೆ ತಾಗಿದರೆ ಸರ್ಕ್ಯೂಟ್ ಪೂರ್ಣವಾಗಿ, ನೂರಾರು ಆಂಪಿಯರ್ ಅದರೊಳಗೆ ಹರಿದು, ಕಿಡಿ ಹಾರುತ್ತದೆ. ಚಾರ್ಜಾಗುವಾಗ ಹೊಮ್ಮಿದ ಹೈಡ್ರೋಜನ್ ಅಲ್ಲೇ ಸುಳಿದಾಡುತ್ತಿದ್ದರೆ ಸ್ಫೋಟವೂ ಸಂಭವ. ಇದಕ್ಕಿಂತ ದೃಷ್ಟವಾದ ಫಲ ಯಾವ ಶಾಸ್ತ್ರದಲ್ಲಿದೆ? ಮೈನಸ್ ಮೊದಲೇ ಕಳಚಿದ್ದರೆ ಅದೇ ಸ್ಪ್ಯಾನರ್ ಅದೇ ತಗಡಿಗೆ ತಾಗಿದರೂ ಏನೂ ಆಗದು. ಪ್ರಾಸಂಗಿಕವಾಗಿ ಒಂದು ಅಪವಾದ: ಉಳಿದೆಲ್ಲ ಕರ್ಮಗಳಲ್ಲಿ ಬೆರಳಿಗೆ ದರ್ಭೆಯ ಪವಿತ್ರ ತೊಡಬೇಕು, ಇಲ್ಲಿ ಇರುವ ಉಂಗುರವನ್ನೂ ಕಳಚಿಡಬೇಕು.

ಪೂರ್ವಪಕ್ಷಿ ಸೋಲೊಪ್ಪುವ ಜಾತಿಯವನಲ್ಲ. ಹಳೆಯ ಬ್ರಿಟಿಷ್ ಕಾರುಗಳಲ್ಲಿ ಬಾಡಿಗೆ ಕಟ್ಟುತ್ತಿದ್ದದ್ದು ಪ್ಲಸ್ಸನ್ನು, ಹಾಗಾದರೆ ನಿಮ್ಮ ವಿಧಿ ಅಲ್ಲಿ ಪ್ರಾಣಾಂತಿಕವಲ್ಲವೇ, ಎನ್ನುತ್ತಾನೆ. ಒಳ್ಳೆಯ ಪ್ರಶ್ನೆ; ಅಂಕಲ್‌ನಿಂದ ನಿರೀಕ್ಷಿಸಿರಲಿಲ್ಲ. ಸಮಾಧಾನ: ವಿಧಿಯ ತಾತ್ಪರ್ಯ ಮೈನಸ್ಸಿನಲ್ಲಿಲ್ಲ, ಬಾಡಿಗೆ ಕಟ್ಟಿದ ಟರ್ಮಿನಲ್ಲಿನಲ್ಲಿದೆ. ಅಂಥ ಕಾರು ಇಟ್ಟುಕೊಂಡವನು ಪ್ಲಸ್ಸನ್ನೇ ಮೊದಲು ಬಿಚ್ಚಲಿ. ಶಬ್ದ ಬೇರೆಯಾದರೂ ಅರ್ಥ ಅದೇ.

ಅಂಗಡಿಯವನೇ ಬಂದು ಪುಕ್ಕಟೆ ಹಾಕಿಕೊಡುವಾಗ ಸ್ವಹಸ್ತದ ಹಟವೇಕೆ ಎಂಬುದು ಕೊನೆಯ ಆಕ್ಷೇಪ. ಇದಕ್ಕೆ ಉತ್ತರವಿಲ್ಲದ್ದರಿಂದ ಶಾಸ್ತ್ರಸಂಪ್ರದಾಯದಂತೆ ವಿಷಯಾಂತರ ಮಾಡುತ್ತೇವೆ. ಟರ್ಮಿನಲ್ಲಿನ ಮೇಲಿನ ಬಿಳಿ-ಹಸಿರು ಹೂವನ್ನು ಅಡುಗೆ ಸೋಡ ಕದಡಿದ ನೀರಿನಿಂದ ತೊಳೆದು, ಒರೆಸಿ, ಕಟ್ಟಿದ ಮೇಲೆ ವ್ಯಾಸಲೀನ್ ಲೇಪಿಸಬೇಕು. ಪ್ಲಸ್ಸಿನ ಗೂಟ ಮೈನಸ್ಸಿಗಿಂತ ಕೊಂಚ ದಪ್ಪ. ತಲೆಕೆಳಗಾಗಿ ಜೋಡಿಸಹೊರಟವನನ್ನು ಕ್ಲ್ಯಾಂಪೇ ತಡೆಯುತ್ತದೆ, ಅವನ ಬಳಿ ಸುತ್ತಿಗೆ ಇಲ್ಲದಿದ್ದರೆ. ಇನ್ನು ಮೃತ ಬ್ಯಾಟರಿ. ಅದನ್ನು ಅಟ್ಟಕ್ಕೇರಿಸುವುದೂ ಕಸದ ಗಾಡಿಗೆ ಎಸೆಯುವುದೂ ನಿಷಿದ್ಧ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳೂ ಅದು ಮರುಬಳಕೆಗೇ ಸೇರಬೇಕೆನ್ನುತ್ತವೆ. ಒಳಗಿನ ಸೀಸಕ್ಕೆ ಬೆಲೆಯಿರುವುದರಿಂದ ಅಂಗಡಿಯವನು ಅದನ್ನು ಪಡೆದು ಹೊಸದರ ಬಿಲ್ಲಿನಲ್ಲಿ ಹಣ ಮುರಿದುಕೊಳ್ಳುತ್ತಾನೆ. ಶವ ಒಪ್ಪಿಸಿದ ಕರ್ತೃವಿಗೇ ದಕ್ಷಿಣೆ ಸಿಗುವ ಅಪರಕರ್ಮವನ್ನು ಯಾವ ಗೃಹ್ಯಸೂತ್ರಕಾರನೂ ಊಹಿಸಿರಲಾರ.